ನನ್ನ ಮುಖವನ್ನು ನೋಡುತ್ತಿದ್ದವರಿಗೆ

ಕಳೆದ ಫೆಬ್ರವರಿಯ ಒಂದು ಶನಿವಾರ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿರುವ ಮೌಂಟ್ ವಾಷಿಂಗ್ಟನ್ ಬೆಟ್ಟವನ್ನು ಹತ್ತಲು ಹೊರಟಿದ್ದ ನಾವು ಐದು ಜನ, ಕತ್ತಲಾಗುವ ಮೊದಲೇ ಕೆಳಗಿಳಿದು ಬಂದೆವು. ತುದಿಯನ್ನು ಮುಟ್ಟಲಿಲ್ಲ. ಆದರೂ ಆ ದಿನಕ್ಕಾಗಿ ನಾನು ಎಲ್ಲರೆದುರು ಕೃತಜ್ಞತೆ ಹೇಳಬೇಕಾದವರು ಹಲವರಿದ್ದಾರೆ. ಅವರಲ್ಲಿ ಕೆಲವರ ಹೆಸರೂ ನನಗೆ ಗೊತ್ತಿಲ್ಲ. ಕೆನ್ನೆಯ ಮೇಲಿನ ಚರ್ಮ ಸುಲಿದು ಹೊಸದು ಬರುವವರೆಗೆ ಕಾದು, ಈಗ ಬರೆಯುತ್ತಿದ್ದೇನೆ.

ಬೆಟ್ಟದ ಎತ್ತರ 1,917 ಮೀಟರ್ ಮಾತ್ರ. ಹಿಮಾಲಯವನ್ನು ಕಂಡವರಿಗೆ ಇದು ದೊಡ್ಡ ಸಂಖ್ಯೆ ಅನಿಸಲಿಕ್ಕಿಲ್ಲ. ಆದರೆ 1934ರ ಏಪ್ರಿಲ್ 12ರಂದು ಇದೇ ತುದಿಯಲ್ಲಿ ಗಾಳಿಯ ವೇಗ ಗಂಟೆಗೆ 372 ಕಿಲೋಮೀಟರ್ ಮುಟ್ಟಿದ್ದನ್ನು ಅಲ್ಲಿದ್ದ ವೀಕ್ಷಕರು ಅಳೆದು ದಾಖಲಿಸಿದ್ದಾರೆ. 1932ರಲ್ಲಿ ಆರಂಭವಾದ ಆ ಹವಾಮಾನ ವೀಕ್ಷಣಾಲಯದಲ್ಲಿ ಇಂದಿಗೂ ಚಳಿಗಾಲವಿಡೀ ಸಿಬ್ಬಂದಿ ವಾಸವಿರುತ್ತಾರೆ. ಉಪಕರಣಗಳ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಒಡೆದು ತೆಗೆಯಲು ಆ ಗಾಳಿಯಲ್ಲೇ ಹೊರಗೆ ಬರುತ್ತಾರೆ. ನನ್ನ ಮೊದಲ ವಂದನೆ ಅವರಿಗೆ. ಆ ಬೆಳಿಗ್ಗೆ ಅವರ ಮುನ್ಸೂಚನೆಯಲ್ಲಿದ್ದದ್ದು ಮೈನಸ್ 16 ಡಿಗ್ರಿ ಉಷ್ಣತೆ, ಗಂಟೆಗೆ 70 ಕಿಲೋಮೀಟರ್ ಗಾಳಿ, ಮಧ್ಯಾಹ್ನದ ನಂತರ ಇನ್ನೂ ಹೆಚ್ಚು. ಎರಡೂ ಸೇರಿ ತೆರೆದ ಚರ್ಮಕ್ಕೆ ತಟ್ಟುವ ಚಳಿ ಮೈನಸ್ 32ರಷ್ಟಾಗುತ್ತದೆ. ಅದಕ್ಕೆ ಒಡ್ಡಿದ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು. ಎಲ್ಲಿದ್ದರೂ ಮಧ್ಯಾಹ್ನ ಒಂದು ಗಂಟೆಗೆ ಹಿಂತಿರುಗುವುದೆಂದು ನಾವು ನಿಶ್ಚಯಿಸಿದ್ದು ಆ ಮುನ್ಸೂಚನೆಯನ್ನು ಓದಿಯೇ.

ಹತ್ತುವ ದಾರಿ ಶುರುವಾಗುವ ಪಿಂಕಮ್ ನಾಚ್ ಎಂಬ ಕಣಿವೆಯಲ್ಲಿ ಬೂಟಿನ ಲೇಸು ಬಿಗಿಯುತ್ತಿದ್ದಾಗ ನಮ್ಮ ತಂಡದ ಹಿರಿಯರು ಒಂದು ನಿಯಮ ಹೇಳಿದರು. ಮರಗಳ ಸಾಲು ಮುಗಿದ ಮೇಲೆ ಪ್ರತಿ ಹತ್ತು ನಿಮಿಷಕ್ಕೊಮ್ಮೆ ನಿಂತು ಪ್ರತಿಯೊಬ್ಬರೂ ತಮ್ಮ ಜೊತೆಗಾರರ ಮೂಗು, ಕೆನ್ನೆ, ಕಿವಿಗಳನ್ನು ನೋಡಬೇಕು. ‘ನಾನು ಚೆನ್ನಾಗಿದ್ದೇನೆ’ ಎಂಬ ಮಾತನ್ನು ಉತ್ತರವಾಗಿ ಒಪ್ಪಿಕೊಳ್ಳಬಾರದು. ಅಂದು ಅದು ನನಗೆ ಶಿಸ್ತಿನ ಮಾತಾಗಿ ಮಾತ್ರ ಕೇಳಿಸಿತು.

ನಾವು ಹಿಡಿದ ಲಯನ್ ಹೆಡ್ ದಾರಿ ಬೆಟ್ಟದ ಪೂರ್ವದ ಮಗ್ಗುಲಲ್ಲಿದೆ. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ, ಕಾಡಿನೊಳಗೆ ಹತ್ತುವಷ್ಟು ಹೊತ್ತು ಬೆಟ್ಟವೇ ಮರೆಯಾಗಿ ನಿಂತಿರುತ್ತದೆ. ಮೈ ಬೆವರುತ್ತದೆ, ಜಾಕೆಟ್ಟಿನ ಜಿಪ್ಪು ತೆಗೆಯುವಂತಾಗುತ್ತದೆ. ಕಡಿದಾದ ಏರಿನ ಬುಡದಲ್ಲಿ ಬೂಟಿಗೆ ಜಾರದಂತೆ ತಡೆಯುವ ಲೋಹದ ಮುಳ್ಳುಗಳ ಕ್ರಾಂಪಾನ್ ಕಟ್ಟಿ, ಮಂಜುಗಡ್ಡೆಗೆ ಊರುವ ಕೊಡಲಿಯಾದ ಐಸ್ ಆಕ್ಸ್ ಕೈಗೆ ತೆಗೆದುಕೊಂಡೆವು. ಮರಗಳು ಸೊಂಟದೆತ್ತರಕ್ಕೆ, ಆಮೇಲೆ ಮೊಣಕಾಲೆತ್ತರಕ್ಕೆ ಕುಗ್ಗುತ್ತಾ ಬಂದು ಒಮ್ಮೆಗೇ ಮುಗಿದವು. ಮುಂದಿನ ಹೆಜ್ಜೆಯಲ್ಲಿ ಗಾಳಿ ನನ್ನ ಬೆನ್ನುಚೀಲವನ್ನು ಹಿಡಿದು ಪಕ್ಕಕ್ಕೆ ತಳ್ಳಿತು.

ದಾರಿಗುರುತಿನ ಕಲ್ಲುಗುಪ್ಪೆಗಳ ಮೇಲೆ ಮಂಜು ಪದರ ಪದರವಾಗಿ ಗರಿಗಳ ಹಾಗೆ ಬೆಳೆದಿತ್ತು. ಆ ಗರಿಗಳು ಗಾಳಿ ಬರುವ ದಿಕ್ಕಿಗೇ ಮುಖ ಮಾಡಿ ಬೆಳೆಯುತ್ತವೆ. ಗಾಳಿ ಹೊತ್ತು ತರುವ ಅತಿಶೀತಲ ಮೋಡದ ಹನಿಗಳು ಕಲ್ಲಿಗೆ ತಾಗಿದ ಕ್ಷಣವೇ ಹೆಪ್ಪುಗಟ್ಟುವುದರಿಂದ ಹಾಗಾಗುತ್ತದೆ. ಗೇಣುದ್ದದ ಒಂದು ಗರಿಯನ್ನು ಹತ್ತಿರದಿಂದ ನೋಡಬೇಕೆಂಬ ಆಸೆಯಿಂದ, ಆವಿ ಕಟ್ಟಿದ್ದ ಗಾಗಲ್ಸನ್ನು ಮೇಲಕ್ಕೆ ಸರಿಸಿ, ಉಸಿರಿನಿಂದ ಒದ್ದೆಯಾಗಿ ಗಟ್ಟಿಯಾಗಿದ್ದ ಮುಖಗವಸನ್ನು ಗದ್ದಕ್ಕಿಳಿಸಿದೆ. ಅದನ್ನು ಮತ್ತೆ ಸರಿಯಾಗಿ ಮೇಲೆಳೆದುಕೊಳ್ಳಲಿಲ್ಲ. ಕೆನ್ನೆ ಮೊದಲು ಉರಿಯಿತು, ಆಮೇಲೆ ಚುಚ್ಚಿತು, ಆಮೇಲೆ ನೋವೆಲ್ಲ ಇಳಿದುಹೋಯಿತು. ಮೈ ಚಳಿಗೆ ಒಗ್ಗಿತು ಎಂದೇ ನಾನು ನಂಬಿದೆ. ನೋವು ನಿಂತದ್ದು ಚರ್ಮ ಸ್ಪರ್ಶವನ್ನೇ ಕಳೆದುಕೊಂಡದ್ದರಿಂದ ಎಂದು ಆಗ ನನಗೆ ಹೊಳೆಯಲಿಲ್ಲ.

ಲಯನ್ ಹೆಡ್ ಬಂಡೆಯ ಬಳಿ ನನ್ನ ಜೊತೆಗಾತಿ ನಿಯಮದಂತೆ ನನ್ನ ಮುಖ ನೋಡಿದರು. ತಲೆ ತಿರುಗಿಸಲು ಹೇಳಿ ಮತ್ತೊಮ್ಮೆ ನೋಡಿದರು. ಚಳಿಗೆ ಸಿಕ್ಕ ಚರ್ಮ ಬೆಳ್ಳಗಾಗುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮಂಥ ಕಂದು ಚರ್ಮದಲ್ಲಿ ಆ ಬಿಳುಪು ಎದ್ದು ಕಾಣುವುದಿಲ್ಲ. ಬೂದಿ ಸವರಿದ ಹಾಗೆ, ಹೊಳಪಿಲ್ಲದ ಒಂದು ಮಚ್ಚೆ ಮೂಡುತ್ತದೆ ಅಷ್ಟೆ. ಅವರು ಅದನ್ನು ಗುರುತಿಸಿದರು. ಕೂಡಲೇ ನನ್ನನ್ನು ಬಂಡೆಯ ಮರೆಗೆ ಕೂರಿಸಿ, ತಮ್ಮ ಕೈಗವಸು ಕಳಚಿ, ಬೆಚ್ಚಗಿನ ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿ ಹಿಡಿದರು. ಉಜ್ಜಲಿಲ್ಲ, ಏಕೆಂದರೆ ಹೆಪ್ಪುಗಟ್ಟುತ್ತಿರುವ ಚರ್ಮವನ್ನು ಉಜ್ಜಿದರೆ ಗಾಯ ಹೆಚ್ಚುತ್ತದೆ. ಆ ಚಳಿಯಲ್ಲಿ ಒಂದು ಕೈಯನ್ನು ಬರಿದು ಮಾಡಿಕೊಳ್ಳುವುದೆಂದರೆ ಏನೆಂದು ಅಲ್ಲಿ ನಿಂತವರಿಗೇ ಗೊತ್ತು. ಒಂದು ಕೈ ಮರಗಟ್ಟಿದಾಗ ಇನ್ನೊಂದನ್ನು ಇಟ್ಟರು. ಕೆಲವು ನಿಮಿಷಗಳ ನಂತರ ಕೆನ್ನೆಗೆ ಬೆಂಕಿ ಹತ್ತಿದಂತೆ ನೋವು ಮರಳಿ ಬಂದಾಗ, ಅವರು ‘ಈಗ ಸರಿ’ ಎಂದರು. ಅವರಿಗೆ ನಾನು ಹೇಗೆ ಕೃತಜ್ಞತೆ ಹೇಳಲಿ ಎಂಬುದು ಇಷ್ಟು ಬರೆದ ಮೇಲೂ ನನಗೆ ತಿಳಿಯುತ್ತಿಲ್ಲ.

ಆ ಹೊತ್ತಿಗೆ ಮೇಲಿನಿಂದ ಇಳಿದು ಬರುತ್ತಿದ್ದ ಇಬ್ಬರು ಅಪರಿಚಿತರು ನಮ್ಮನ್ನು ಕಂಡು ನಿಂತರು. ಗಾಳಿಯ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಒಬ್ಬರು ಮಂಡಿಯೂರಿ ಗಾಳಿಗೆ ಅಡ್ಡವಾಗಿ ಕುಳಿತರು. ಇನ್ನೊಬ್ಬರು ಚೀಲದಿಂದ ಒಣಗಿದ ಮುಖಗವಸೊಂದನ್ನು ತೆಗೆದು, ನನ್ನ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ, ತಾವೇ ನನಗೆ ತೊಡಿಸಿ, ಮೂಗಿನವರೆಗೆ ಎಳೆದು ಸರಿಮಾಡಿದರು. ಬಳಿಕ ಕೈಬೀಸಿ ಇಳಿದು ಹೋದರು. ಗಾಗಲ್ಸಿನ ಹಿಂದಿನ ಅವರ ಮುಖಗಳನ್ನು ನಾನು ನೋಡಲೇ ಇಲ್ಲ.

ಗಂಟೆ ಆಗ ಹನ್ನೆರಡೂವರೆ. ತುದಿಗೆ ಇನ್ನೂ ಸುಮಾರು 380 ಮೀಟರ್ ಏರಿಕೆ ಬಾಕಿಯಿತ್ತು. ಒಮ್ಮೆ ಹೆಪ್ಪುಗಟ್ಟಿ ಬಿಸಿಯಾದ ಚರ್ಮ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಇನ್ನೂ ಆಳಕ್ಕಿಳಿಯುತ್ತದೆ, ಆದ್ದರಿಂದ ನಾನು ಇಳಿಯಲೇಬೇಕಿತ್ತು. ಉಳಿದವರಿಗೆ ಏನೂ ಆಗಿರಲಿಲ್ಲ. ಅವರಲ್ಲೊಬ್ಬರು ಈ ಬೆಟ್ಟಕ್ಕೆ ಬಂದದ್ದು ಅದು ಮೂರನೆಯ ಚಳಿಗಾಲ. ಹಿಂದಿನ ಎರಡು ಸಲವೂ ಗಾಳಿಯಿಂದಾಗಿ ತುದಿ ಮುಟ್ಟದೆ ಮರಳಿದ್ದರು. ಹಿರಿಯರು ಏನನ್ನೂ ಕೇಳುವ ಮೊದಲೇ ತಮ್ಮ ಮುಖವನ್ನು ಇಳಿಜಾರಿನತ್ತ ತಿರುಗಿಸಿದವರು ಅವರೇ. ಇಳಿಯುವಾಗ ನನ್ನ ಮುಂದೆ ನಡೆಯುತ್ತಾ, ಗಟ್ಟಿ ಮಂಜಿನಲ್ಲಿ ಕ್ರಾಂಪಾನ್ ಊರಿ ಪ್ರತಿ ಹೆಜ್ಜೆಯ ಗುರುತು ಮಾಡಿಕೊಟ್ಟರು. ಆ ದಿನದ ಬಗ್ಗೆ ಒಂದು ಸಣ್ಣ ಬೇಸರದ ಮಾತನ್ನೂ ಅವರು ಈವರೆಗೆ ಆಡಿಲ್ಲ.

ಮನೆಯಲ್ಲಿ ಗಡಿಯಾರ ನೋಡುತ್ತಾ ಕಾದವರಿಗೂ, ದಿನವೂ ಗಾಯವನ್ನು ವಿಚಾರಿಸಿದ ಗೆಳೆಯರಿಗೂ ನಾನು ಋಣಿ.

ಬೂದು ಬಣ್ಣದ ಆ ಮುಖಗವಸು ನನ್ನ ಬಳಿಯೇ ಇದೆ. ಅದರ ಅಂಚಿನಲ್ಲಿ ಯಾರೋ ಕೈಯಿಂದ ನೀಲಿ ದಾರದಲ್ಲಿ ಹಾಕಿದ ಹೊಲಿಗೆಯಿದೆ. ತೊಳೆದು ಒಣಗಿಸಿ ಬೆನ್ನುಚೀಲದ ಮೇಲಿನ ಜೇಬಿನಲ್ಲಿ ಇಟ್ಟಿದ್ದೇನೆ. ಬರುವ ಫೆಬ್ರವರಿಯಲ್ಲಿ ನಾವು ಐವರೂ ಮತ್ತೆ ಅದೇ ದಾರಿಯಲ್ಲಿ ಹತ್ತಲಿದ್ದೇವೆ. ಆ ಇಬ್ಬರು ಎದುರು ಸಿಕ್ಕರೆ, ಅವರು ಆ ನೀಲಿ ಹೊಲಿಗೆಯನ್ನು ನೋಡಿಯಾದರೂ ನನ್ನನ್ನು ಗುರುತು ಹಿಡಿಯಲಿ ಎಂದು ಹಾರೈಸುತ್ತೇನೆ.