ಅಂಕ ಗಳಿಸದವನಿಗೆ ಅಷ್ಟು ಹಣವೇಕೆ?

ಫ್ರಿಸ್ಕೊ, ಟೆಕ್ಸಾಸ್
18 ಜನವರಿ 2026

ತೀರ್ಥರೂಪರಾದ ಅಪ್ಪನವರಿಗೆ ಮಗಳು ಸುಮಾ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ನೀವೂ ಅಮ್ಮನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕಾ ಪಾರ್ಸನ್ಸ್‌ನ ಸಂಬಳದ ಸುದ್ದಿ ಓದಿ, ಅಂಕ ಗಳಿಸುವುದೇ ಕೆಲಸವಲ್ಲದ ಆಟಗಾರನಿಗೆ ವರ್ಷಕ್ಕೆ 400 ಕೋಟಿ ರೂಪಾಯಿಗೂ ಮೇಲೆ ಕೊಡುವುದು ಯಾವ ನ್ಯಾಯವೆಂದು ನೀವು ಫೋನಿನಲ್ಲಿ ಕೇಳಿದಿರಿ. ನಿಂತ ನಿಲುವಿನಲ್ಲಿ ಉತ್ತರಿಸುವ ಪ್ರಶ್ನೆ ಅದಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ಮಟ್ಟಿಗೆ ಆ ಹಣ ಅವನಿಗೆ ಸಲ್ಲಬೇಕಾದದ್ದೇ, ಮತ್ತು ಅದನ್ನು ನಮ್ಮೂರಿನ ಡಲ್ಲಾಸ್ ಕೌಬಾಯ್ಸ್ ತಂಡವೇ ಕೊಡಬೇಕಿತ್ತು.

ಇಲ್ಲಿಯ ಫುಟ್‌ಬಾಲ್‌ನಲ್ಲಿ ದಾಳಿಯನ್ನೆಲ್ಲ ನಡೆಸುವವನು ಕ್ವಾರ್ಟರ್‌ಬ್ಯಾಕ್. ಚೆಂಡು ಕೈಗೆ ಬಂದ ಎರಡು ಮೂರು ಸೆಕೆಂಡುಗಳಲ್ಲಿ ಅವನು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸಬೇಕು. ಅವನ ಮುಂದೆ ಗೋಡೆಯಂತೆ ನಿಲ್ಲುವ ದೈತ್ಯರನ್ನು ದಾಟಿ, ಚೆಂಡು ಕೈಬಿಡುವ ಮೊದಲೇ ಅವನನ್ನು ಕೆಡವುವುದು ಪಾರ್ಸನ್ಸ್‌ನ ಕೆಲಸ. ಅದನ್ನು ಸ್ಯಾಕ್ ಎನ್ನುತ್ತಾರೆ. ಇಬ್ಬರು ಸೇರಿ ಕೆಡವಿದರೆ ಅರ್ಧರ್ಧ ಲೆಕ್ಕ. 2021ರಲ್ಲಿ ಡಲ್ಲಾಸ್ ಸೇರಿದ ಪಾರ್ಸನ್ಸ್ ಮೊದಲ ನಾಲ್ಕು ವರ್ಷಗಳಲ್ಲಿ ಒಮ್ಮೆಯೂ 12ಕ್ಕಿಂತ ಕೆಳಗಿಳಿಯದೆ ಒಟ್ಟು 52.5 ಸ್ಯಾಕ್ ಮಾಡಿದ. ಆದರೆ ಈ ಲೆಕ್ಕಕ್ಕೆ ಸಿಗದ ಭಾಗವೇ ದೊಡ್ಡದು. ಅವನನ್ನು ತಡೆಯಲು ಎದುರಾಳಿಗಳು ಇಬ್ಬರನ್ನು, ಕೆಲವೊಮ್ಮೆ ಮೂವರನ್ನು ನಿಲ್ಲಿಸುತ್ತಾರೆ. ಆಗ ಅವನ ಜೊತೆಗಾರರ ದಾರಿ ತೆರೆದುಕೊಳ್ಳುತ್ತದೆ. ಕುಂಬ್ಳೆ ಒಂದು ತುದಿಯಿಂದ ರನ್ ಬಿಡದೆ ಕಟ್ಟಿಹಾಕುತ್ತಿದ್ದಾಗ ಇನ್ನೊಂದು ತುದಿಯಲ್ಲಿ ವಿಕೆಟ್ ಬೀಳುತ್ತಿದ್ದುದನ್ನು ನೀವೇ ನನಗೆ ತೋರಿಸಿಕೊಟ್ಟಿದ್ದಿರಿ.

ಇನ್ನು ಹಣದ ವಿಚಾರ. ಹೊಸದಾಗಿ ಬರುವ ಆಟಗಾರರು ಇಲ್ಲಿ ಬೆಲೆ ಕೇಳುವಂತಿಲ್ಲ. ತಂಡಗಳು ಪ್ರತಿ ವರ್ಷ ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುತ್ತವೆ; ಆ ಆಯ್ಕೆಯ ಕ್ರಮಾಂಕಕ್ಕೆ ತಕ್ಕಂತೆ ಸಂಬಳ ಮೊದಲೇ ನಿಗದಿಯಾಗಿರುತ್ತದೆ. ಹನ್ನೆರಡನೆಯವನಾಗಿ ಆಯ್ಕೆಯಾದ ಪಾರ್ಸನ್ಸ್‌ಗೆ ಆ ನಾಲ್ಕು ವರ್ಷಕ್ಕೆ ಸೇರಿ ಸಿಕ್ಕಿದ್ದು ಸುಮಾರು 17 ಮಿಲಿಯನ್ ಡಾಲರ್. ಅದೇ ತಂಡ ತನ್ನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್‌ಗೆ 2024ರಲ್ಲಿ ವರ್ಷಕ್ಕೆ 60 ಮಿಲಿಯನ್ ಒಪ್ಪಿಕೊಂಡಿತು. ಪಾರ್ಸನ್ಸ್‌ನ ಸರದಿ ಬಂದಾಗ ಮಾಲೀಕ ಜೆರ್ರಿ ಜೋನ್ಸ್ ಅವನ ಏಜೆಂಟನ್ನು ಹೊರಗಿಟ್ಟು ನೇರವಾಗಿ ಅವನೊಡನೆ ಮಾತನಾಡಿ, ವ್ಯವಹಾರ ಕುದುರಿತೆಂದೇ ಭಾವಿಸಿದರು. ಕೋಟ್ಯಂತರ ಡಾಲರುಗಳ ವ್ಯವಹಾರದಲ್ಲಿ ಪಳಗಿದ ಮಾಲೀಕರೊಬ್ಬರು ಇಪ್ಪತ್ತೈದರ ಹುಡುಗನೊಬ್ಬನನ್ನು ಒಂಟಿಯಾಗಿ ಕೂರಿಸಿಕೊಂಡು ಚೌಕಾಸಿ ಮಾಡುವುದು ನನಗೆ ಇಂದಿಗೂ ಸರಿಕಾಣುವುದಿಲ್ಲ. ಮಾತು ಮುರಿಯಿತು. 2025ರ ಆಗಸ್ಟ್ 28ರಂದು ಡಲ್ಲಾಸ್ ಅವನನ್ನು ಗ್ರೀನ್ ಬೇ ಪ್ಯಾಕರ್ಸ್‌ಗೆ ಬಿಟ್ಟುಕೊಟ್ಟು, ಬದಲಿಗೆ ರಕ್ಷಣಾ ಆಟಗಾರ ಕೆನ್ನಿ ಕ್ಲಾರ್ಕ್‌ನನ್ನೂ, ಮೊದಲ ಸುತ್ತಿನಲ್ಲಿ ಹೊಸಬರನ್ನು ಆರಿಸುವ ಎರಡು ಅವಕಾಶಗಳನ್ನೂ ಪಡೆಯಿತು. ಪ್ಯಾಕರ್ಸ್ ಅವನಿಗೆ ನಾಲ್ಕು ವರ್ಷಕ್ಕೆ 188 ಮಿಲಿಯನ್ ಕೊಟ್ಟಿತು. ಕ್ವಾರ್ಟರ್‌ಬ್ಯಾಕ್ ಅಲ್ಲದ ಯಾರಿಗೂ ಅದುವರೆಗೆ ಅಷ್ಟು ಸಿಕ್ಕಿರಲಿಲ್ಲ.

ದಾಖಲೆ ಎಂಬ ಮಾತಿಗೆ ಬೆಚ್ಚುವ ಅಗತ್ಯವಿಲ್ಲ, ಅಪ್ಪ. ಟಿವಿ ಹಕ್ಕುಗಳಿಂದ ಲೀಗ್‌ನ ಆದಾಯ ಏರಿದಂತೆಲ್ಲ ಪ್ರತಿ ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿಯೂ ಏರುತ್ತದೆ. 2023ರಲ್ಲಿ ಆ ಮಿತಿ 224.8 ಮಿಲಿಯನ್ ಇದ್ದಾಗ ಪಾರ್ಸನ್ಸ್‌ನಂಥದೇ ಕೆಲಸದ ನಿಕ್ ಬೋಸಾ ವರ್ಷಕ್ಕೆ 34 ಮಿಲಿಯನ್ ಪಡೆದು ದಾಖಲೆ ಮಾಡಿದ್ದ. ಅದು ಶೇಕಡಾ 15ರಷ್ಟು. 2025ರ ಮಿತಿ 279.2 ಮಿಲಿಯನ್, ಪಾರ್ಸನ್ಸ್‌ನ ವಾರ್ಷಿಕ 47 ಮಿಲಿಯನ್ ಅದರ ಶೇಕಡಾ 17ಕ್ಕೆ ತುಸು ಕಡಿಮೆ. ಮೊತ್ತ ಹಿಗ್ಗಿದಷ್ಟು ಪಾಲು ಹಿಗ್ಗಿಲ್ಲ.

ಕಳೆದ ಸೆಪ್ಟೆಂಬರ್ 28ರಂದು ಅವನು ಪ್ಯಾಕರ್ಸ್ ಪರವಾಗಿ ಇಲ್ಲಿಗೇ, ಡಲ್ಲಾಸ್ ತಂಡದ ಅಂಗಳವಿರುವ ಆರ್ಲಿಂಗ್ಟನ್‌ಗೆ ಆಡಲು ಬಂದಿದ್ದ. ಆಟ 40-40ರಲ್ಲಿ ಸಮವಾಯಿತು. ಅವನ ತಂಡವೂ 40 ಅಂಕ ಬಿಟ್ಟುಕೊಟ್ಟಿತೆಂದು ಹಲವರು ಆಡಿಕೊಂಡರು. ನಾನು ನೋಡಿದ್ದು ಬೇರೆ. ಹೆಚ್ಚುವರಿ ಅವಧಿಯಲ್ಲಿ ಡಲ್ಲಾಸ್ ಅಂಕದ ಗೆರೆಯ ಸಮೀಪಕ್ಕೆ ಬಂದಿತ್ತು, ಎಸೆಯಲು ಯಾರೂ ಸಿಗದೆ ಪ್ರೆಸ್ಕಾಟ್ ಚೆಂಡು ಹಿಡಿದು ತಾನೇ ಓಡತೊಡಗಿದ. ಪಾರ್ಸನ್ಸ್ ಬೆನ್ನಟ್ಟಿ ಹೋಗಿ, ಅವನು ಒಂದು ಗಜವೂ ಮುಂದೆ ಸಾಗದಂತೆ ಹಿಡಿದು ಕೆಡವಿದ. ಇಡೀ ಸಂಜೆಗೆ ಅವನ ಹೆಸರಿನಲ್ಲಿ ಬಿದ್ದ ಏಕೈಕ ಸ್ಯಾಕ್ ಅದು. ಅದರಿಂದಾಗಿ ಡಲ್ಲಾಸ್, ಚೆಂಡನ್ನು ಆ ಗೆರೆ ದಾಟಿಸಿದರೆ ಸಿಗುವ ಆರು ಅಂಕದ ಟಚ್‌ಡೌನ್ ಕಳೆದುಕೊಂಡು ಮೂರು ಅಂಕಕ್ಕೆ ತೃಪ್ತಿಪಡಬೇಕಾಯಿತು, ಪ್ಯಾಕರ್ಸ್ ಅಷ್ಟನ್ನೇ ಗಳಿಸಿ ಸೋಲಿನಿಂದ ಪಾರಾಯಿತು.

ನಿಮ್ಮ ವಾದದಲ್ಲಿಯೂ ಬಲವಿದೆ. ಕ್ಲೀವ್‌ಲ್ಯಾಂಡ್‌ನ ಮೈಲ್ಸ್ ಗ್ಯಾರೆಟ್ ಈ ಸಲ 23 ಸ್ಯಾಕ್ ಮಾಡಿ ಲೀಗ್‌ನ ಹಳೆಯ ದಾಖಲೆಯನ್ನೇ ಮುರಿದ, ಅವನ ತಂಡ ಗೆದ್ದದ್ದು ಮಾತ್ರ ಐದೇ ಪಂದ್ಯ. ಪಾರ್ಸನ್ಸ್ ಇದ್ದಾಗಲೇ, 2024ರ ಜನವರಿಯ ಪ್ಲೇಆಫ್‌ನಲ್ಲಿ, ಡಲ್ಲಾಸ್ ತನ್ನದೇ ಅಂಗಳದಲ್ಲಿ ಪ್ಯಾಕರ್ಸ್‌ಗೆ 48-32ರಿಂದ ಸೋತಿತ್ತು. ಒಬ್ಬ ರಕ್ಷಣಾ ಆಟಗಾರ, ಎಷ್ಟೇ ದೊಡ್ಡವನಾದರೂ, ತಂಡವನ್ನು ಒಂಟಿಯಾಗಿ ಗೆಲ್ಲಿಸಲಾರ. ಕ್ವಾರ್ಟರ್‌ಬ್ಯಾಕ್‌ಗೆ ಅವನಿಗಿಂತ ಹೆಚ್ಚು ಸಿಗುವುದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಅವನನ್ನು ಕಳೆದುಕೊಂಡ ಡಲ್ಲಾಸ್ ಈ ಋತುವಿನಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಅಂಕ ಬಿಟ್ಟುಕೊಟ್ಟಿತು. ನವೆಂಬರ್‌ನಲ್ಲಿ ರಕ್ಷಣಾ ಆಟಗಾರ ಕ್ವಿನೆನ್ ವಿಲಿಯಮ್ಸ್‌ನನ್ನು ತರಲು ಮತ್ತೆ ಮೊದಲ ಸುತ್ತಿನ ಒಂದು ಅವಕಾಶವನ್ನು ತೆರಬೇಕಾಯಿತು. ಉಳಿತಾಯವೆಂದುಕೊಂಡದ್ದು ಉಳಿಯಲಿಲ್ಲ.

ಡಿಸೆಂಬರ್ 14ರಂದು ಡೆನ್ವರ್‌ನಲ್ಲಿ ಪಾರ್ಸನ್ಸ್‌ನ ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ಹಣ ಕೊಟ್ಟವರು ಕೆಟ್ಟರೆಂದು ಇಲ್ಲಿಯೂ ಕೆಲವರು ಹೇಳುತ್ತಿದ್ದಾರೆ, ನೀವೂ ಅದನ್ನೇ ಹೇಳಿದಿರಿ. ನನಗೆ ಮಾತ್ರ ಒಪ್ಪಂದದ ನ್ಯಾಯ ಕಾಣುವುದು ಇಲ್ಲಿಯೇ. ಈ ಲೀಗ್‌ನಲ್ಲಿ ಘೋಷಿಸುವ ಮೊತ್ತವೆಲ್ಲ ಕೈಗೆ ಬರುವುದಿಲ್ಲ. ತಂಡ ಬೇಡವೆಂದರೆ ಖಾತರಿಯಿಲ್ಲದ ವರ್ಷಗಳ ಹಣ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ 188ಕ್ಕಿಂತ ಮುಖ್ಯವಾದದ್ದು, ಸಹಿ ಮಾಡಿದಾಗಲೇ ಖಾತರಿಯಾದ 120 ಮಿಲಿಯನ್. ಮೊದಲ ನಾಲ್ಕು ವರ್ಷಗಳಲ್ಲಿ ಆ ಕಾಲು ಹೋಗಿದ್ದರೆ ಅವನ ಕೈಯಲ್ಲಿ ಇಷ್ಟರ ಸಣ್ಣ ಪಾಲೂ ಇರುತ್ತಿರಲಿಲ್ಲ. ಅವನು ಬೀಳುವ ಮೊದಲು ಒಂಬತ್ತು ಪಂದ್ಯ ಗೆದ್ದಿದ್ದ ಪ್ಯಾಕರ್ಸ್ ಆ ದಿನದಿಂದ ಮತ್ತೊಂದನ್ನು ಗೆಲ್ಲಲೇ ಇಲ್ಲ; ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ಷಿಕಾಗೊಗೆ ಸೋತು ಮನೆಗೆ ಮರಳಿತು. ಬೇರೆ ಕಾರಣಗಳೂ ಇದ್ದವು, ಆದರೂ ಅವನಿಗೆ ಕೊಟ್ಟ ಹಣ ದಂಡವಾಯಿತೆನ್ನುವವರು ಆ ಐದು ಸೋಲುಗಳಿಗೆ ಏನು ಹೇಳುತ್ತಾರೋ ನೀವೇ ಕೇಳಿ ನೋಡಿ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು,
ಸುಮಾ