ಜರ್ಮನ್ ವೈನ್ ಎಲ್ಲವೂ ಸಿಹಿಯಲ್ಲ

ಮಾನ್ಯ ಸಂಪಾದಕರೇ,

ಜರ್ಮನಿಯ ಬಿಳಿ ವೈನ್ ಎಂದರೆ ಸಿಹಿ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ, ಅದು ಸರಿಯಲ್ಲ. ಲೇಬಲ್ ಮೇಲೆ ‘ಟ್ರೋಕನ್’ (ಜರ್ಮನ್ ಭಾಷೆಯಲ್ಲಿ ‘ಒಣ’, ಅಂದರೆ ಸಿಹಿಯಿಲ್ಲದ್ದು) ಎಂದಿದ್ದರೆ ಲೀಟರಿಗೆ ಸಕ್ಕರೆ ಹೆಚ್ಚೆಂದರೆ 9 ಗ್ರಾಂ. ರೀಸ್ಲಿಂಗ್ ಎಂಬ ದ್ರಾಕ್ಷಿ ತಳಿಯ ವೈನ್‌ನ ಹುಳಿ ಚುರುಕಾಗಿರುವುದರಿಂದ ಅಷ್ಟು ಸಕ್ಕರೆ ನಾಲಿಗೆಗೆ ಗೊತ್ತೇ ಆಗದು. ಬೆಣ್ಣೆಯಲ್ಲಿ ಹುರಿದ ಟ್ರೌಟ್ ಮೀನು, ಬ್ರೆಡ್ ಪುಡಿ ಹಚ್ಚಿ ಕರಿದ ಮಾಂಸವಾದ ಶ್ನಿಟ್ಸೆಲ್‌ನಂಥ ಜಿಡ್ಡಿನ ತಿನಿಸಿಗೆ ಈ ಹುಳಿಯೇ ಬೇಕು. ಪ್ರತಿ ತುತ್ತಿನ ನಂತರ ಬಾಯಿ ಹಗುರಾಗುತ್ತದೆ. ಬಿಳಿ ಆಸ್ಪರಾಗಸ್‌ಗೆ ಮಾತ್ರ ಜರ್ಮನಿಯ ಫ್ರಾಂಕೋನಿಯಾ ಪ್ರದೇಶದ ಸಿಲ್ವಾನರ್ ಎಂಬ ಇನ್ನೊಂದು ತಳಿಯ ವೈನ್ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಹುಳಿ ಮೆದು, ತರಕಾರಿಯ ಸಣ್ಣ ಕಹಿಯನ್ನು ಕೆರಳಿಸದು. ಸಿಹಿ ತಿಂಡಿಯ ಜತೆ ಕುಡಿದರೆ ಈ ಎರಡು ವೈನ್‌ಗಳೂ ಬರೀ ಹುಳಿನೀರೆನಿಸುತ್ತವೆ.

ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿಯುವುದು ಇನ್ನೊಂದು ತಪ್ಪು: 4–5 ಡಿಗ್ರಿಯಲ್ಲಿ ಪರಿಮಳ ಮುದುಡಿರುತ್ತದೆ. ಬಾಟಲಿಯನ್ನು ಸುಮಾರು 20 ನಿಮಿಷ ಹೊರಗಿಟ್ಟು, 8–10 ಡಿಗ್ರಿಗೆ ಬಂದಾಗ ಬಡಿಸಲಿ.