ಓದಿದವರೂ ಹೀಗೇಕಾಗುತ್ತಾರೆ?

ಪ್ರೀತಿಯ ಮಗಳೇ,

"ಅಷ್ಟೊಂದು ಓದಿದವರು ದೇವರ ಹೆಸರಲ್ಲಿ ಜನರನ್ನು ಹೇಗೆ ಕೊಲ್ಲುತ್ತಾರಮ್ಮಾ?" ಅಂತ ಕೇಳಿದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜಪಾನಿನ ಇಕುವೊ ಹಯಾಶಿ ಹೃದಯದ ಆಪರೇಷನ್ ಮಾಡುವ ಡಾಕ್ಟರ್. 1995ರ ಮಾರ್ಚ್ 20ರ ಬೆಳಿಗ್ಗೆ ಟೋಕಿಯೋದಲ್ಲಿ ಸುರಂಗ ರೈಲು ಹತ್ತಿದ. ನ್ಯೂಸ್‌ಪೇಪರಿನಲ್ಲಿ ಸುತ್ತಿದ್ದ ಸಾರಿನ್ ವಿಷದ ಪೊಟ್ಟಣವನ್ನು ಕಾಲ ಬಳಿ ಹಾಕಿದ. ಚೂಪು ಮಾಡಿದ ಕೊಡೆಯ ತುದಿಯಿಂದ ಚುಚ್ಚಿ ಇಳಿದು ಹೋದ. ಅದನ್ನು ಎತ್ತಿ ನೆಲ ಒರೆಸಲು ಬಂದ ರೈಲ್ವೆಯ ಇಬ್ಬರು ನೌಕರರು ಸತ್ತರು. ಅವತ್ತು ಅವನ ಪಂಥದವರು ಐದು ರೈಲುಗಳಲ್ಲಿ ಹೀಗೆ ವಿಷ ಬಿಟ್ಟರು.

ಅವನು ಸೇರಿದ್ದ ಓಮ್ ಶಿನ್ರಿಕ್ಯೋ ಪಂಥ 1984ರಲ್ಲಿ ಯೋಗ ತರಗತಿಯಾಗಿ ಶುರುವಾದದ್ದು. ಮೊದಲ ದಿನವೇ ವಿಷ ಹಾಕು ಅಂದಿದ್ದರೆ ಯಾರು ತಾನೇ ಅಲ್ಲಿ ನಿಲ್ಲುತ್ತಿದ್ದರು? ಮೊದಲು ಮನಸ್ಸಿಗೆ ಸಮಾಧಾನ ಸಿಕ್ಕಿತು. ಆಮೇಲೆ ಮನೆ, ಆಸ್ತಿ, ಬಂಧುಬಳಗ ಬಿಟ್ಟು ಬಾ ಅಂದರು. ಕೊಂದರೆ ಸತ್ತವನ ಆತ್ಮಕ್ಕೇ ಒಳ್ಳೆಯದು ಅಂತಲೂ ಅಲ್ಲಿ ಕಲಿಸಿದರು. ಅಷ್ಟು ಹೊತ್ತಿಗೆ "ಇದು ತಪ್ಪಲ್ವಾ?" ಅಂತ ಕೇಳುವವರು ಯಾರೂ ಸುತ್ತ ಇರುವುದಿಲ್ಲ ನೋಡು. ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಆಗುವುದು ಇದಕ್ಕೇ.

ಬಡತನವೇ ಕಾರಣ ಅಂತ ಸುಮ್ನೆ ಹೇಳಿಬಿಡುತ್ತಾರೆ. 1994ರಲ್ಲಿ ಪ್ಯಾಲೆಸ್ತೀನಿನ ಹೆಬ್ರಾನ್‌ನಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಕೊಂದ ಯಹೂದಿ ಬರೂಕ್ ಗೋಲ್ಡ್‌ಸ್ಟೀನ್ ಕೂಡ ಡಾಕ್ಟರೇ. ಅದೇ ವರ್ಷ ಅಮೆರಿಕದಲ್ಲಿ ಗರ್ಭಪಾತ ಮಾಡುತ್ತಿದ್ದ ವೈದ್ಯರನ್ನು ಕೊಂದ ಪೌಲ್ ಹಿಲ್ ಹಿಂದೆ ಪಾದ್ರಿಯಾಗಿದ್ದವನು. ಯಾವ ಧರ್ಮವೂ ಇದಕ್ಕೆ ಹೊರತಲ್ಲ. ಧರ್ಮ ಚೆನ್ನಾಗಿ ಗೊತ್ತಿರಬೇಕು ಅಂತಲೂ ಇಲ್ಲ. ಬರ್ಮಿಂಗ್‌ಹ್ಯಾಮಿನಿಂದ ಸಿರಿಯಾದ ಯುದ್ಧದಲ್ಲಿ ಉಗ್ರರ ಜೊತೆ ಸೇರಿ ಹೋರಾಡಲು ಹೋದ ಇಬ್ಬರು ಹುಡುಗರು, ಹೊರಡುವ ಮುಂಚೆ ಇಸ್ಲಾಂ ಬಗ್ಗೆ ಹೊಸಬರು ಓದುವ ಪುಸ್ತಕ ತರಿಸಿಕೊಂಡಿದ್ದರು!

ಒಳಗೆ ಒಂದು ಅವಮಾನ ಇರುತ್ತದೆ. ಇಲ್ಲವೇ ತನ್ನವರಿಗೆ ಆದ ಅನ್ಯಾಯದ ಸಿಟ್ಟು. ಆ ಅನ್ಯಾಯ ಎಷ್ಟೋ ಸಲ ನಿಜವೇ. ಯಾರೋ ಬಂದು ಇವರೇ ನಿನ್ನ ಶತ್ರುಗಳು, ನೀನೇ ನಮ್ಮವರನ್ನು ಕಾಯಬೇಕು ಅನ್ನುತ್ತಾರೆ. ಅಲ್ಲಿಯವರೆಗೆ ಯಾರಿಗೂ ಬೇಡವಾಗಿದ್ದವನಿಗೆ ಅದು ದೊಡ್ಡ ಮಾತು. ಹಾಗೆ ಕರೆಯುವವರು ಬಹಳ ಸಲ ಗೆಳೆಯರೇ, ಇಲ್ಲವೇ ಒಡಹುಟ್ಟಿದವರು.

2015ರ ಫೆಬ್ರವರಿಯಲ್ಲಿ ಲಂಡನ್ನಿನ ಒಂದೇ ಶಾಲೆಯ ಮೂವರು ಹುಡುಗಿಯರು ಸಿರಿಯಾದಲ್ಲಿದ್ದ ಉಗ್ರರ ಗುಂಪು ಐಸಿಸ್ ಸೇರಲು ಹೊರಟುಹೋದರು. 15–16 ವರ್ಷದ ಮಕ್ಕಳು. ಅವರ ಗೆಳತಿ ಅದಕ್ಕೂ ಮುಂಚೆಯೇ ಹೋಗಿದ್ದಳು. ಅವಳ ಬಗ್ಗೆ ವಿಚಾರಿಸಲು ಪೊಲೀಸರು ಈ ಮೂವರ ಅಪ್ಪ ಅಮ್ಮನಿಗೆ ಬರೆದ ಪತ್ರವನ್ನು ಈ ಮಕ್ಕಳ ಕೈಗೇ ಕೊಟ್ಟಿದ್ದರು. ಮಕ್ಕಳು ಅದನ್ನು ಬಚ್ಚಿಟ್ಟರು. ಮನೆಯವರಿಗೆ ಅದು ಸಿಕ್ಕಿದ್ದು ಅವರು ಹೋದ ಮೇಲೆ. ಆ ತಾಯಂದಿರ ಸಂಕಟ ನೆನೆದರೆ ಹೊಟ್ಟೆ ಕಿವುಚಿದಂತಾಗುತ್ತದೆ.

ನಿನ್ನ ಗೆಳತಿಯರಲ್ಲಿ ಯಾರಾದರೂ ಹಳಬರನ್ನೆಲ್ಲ ದೂರ ಮಾಡುತ್ತಾ, ಒಬ್ಬರ ಮಾತನ್ನೇ ವೇದವಾಕ್ಯ ಅನ್ನುತ್ತಿದ್ದರೆ ಅವಳ ಜೊತೆ ಮಾತು ಬಿಡಬೇಡ. ನನಗೂ ಹೇಳು. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ, ಸಿರಿಯಾಗೆ ಹೋಗಿ ವಾಪಸ್ ಬಂದ ಹುಡುಗರ ಮೇಲೆ ಅಪರಾಧ ಇಲ್ಲದಿದ್ದರೆ, ಓದಲು, ಕೆಲಸ ಹುಡುಕಲು ಪೊಲೀಸರೂ ನಗರಾಡಳಿತವೂ ಸೇರಿ ಸಹಾಯ ಮಾಡಿದರು. ಹೆತ್ತ ನನ್ನಿಂದ ಅಷ್ಟಾಗಲ್ವಾ? ನಾಳೆ ನಿನಗೇ ಅಂಥ ಮಾತು ಸರಿ ಅನ್ನಿಸಿದರೂ ಬಂದು ನನ್ನ ಜೊತೆ ಜಗಳ ಆಡು. ಬಯ್ಯಲ್ಲ. ಎಷ್ಟು ಹೊತ್ತಾದರೂ ಕೂತು ಕೇಳುತ್ತೇನೆ.

ನಿನ್ನ
ಅಮ್ಮ